ಬಸ್‌ಸ್ಟ್ಯಾಂಡಿನ ಮುಂದಿನ ಅನಾಥ

ಚನ್ನಪಟ್ಟಣದಲ್ಲಿ ದಾನ ಕೇಳುವುದಕ್ಕೂ ಹೊತ್ತುಗೊತ್ತು ಇದೆ. ಅಂಗಡಿಗೆ ಬೋಣಿ ಆಗುವ ಮುಂಚೆ ಹೋಗಿ ನಿಂತರೆ ಮುಖ ಸಿಂಡರಿಸುತ್ತಾರೆ. ಮಂಗಳವಾರ, ಶುಕ್ರವಾರ ಹಿಂದೂಗಳ ಗಲ್ಲಾಪೆಟ್ಟಿಗೆಯಿಂದ ದುಡ್ಡು ಹೊರಗೆ ಬರುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಅದೇ ಶುಕ್ರವಾರ ಮುಸ್ಲಿಮರ ಅಂಗಡಿಗಳಲ್ಲಿ, ಜುಮ್ಮಾ ನಮಾಜಿಗೆ ಏಳುವ ಮುಂಚೆ, ಕೈ ಧಾರಾಳವಾಗಿರುತ್ತದೆ. ಇದನ್ನೆಲ್ಲ ಸರ್ವಮಂಗಳಮ್ಮ ಬೈಸಿಕೊಂಡು ಬೈಸಿಕೊಂಡು ಕಲಿತರು.

ಅವರು ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ಚನ್ನಪಟ್ಟಣಕ್ಕೆ ಮದುವೆಯಾಗಿ ಬಂದರು, ಗಂಡನ ಜೊತೆ ದಿನಸಿ ಅಂಗಡಿಯಲ್ಲಿ ಕೂತರು, ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಭಾವನ ಮಕ್ಕಳು ಇಟ್ಟುಕೊಂಡರು. ಆಮೇಲೆ ಸಿಕ್ಕಿದ್ದು ಈ ಕೆಲಸ. ಬುದ್ಧಿ ಬೆಳವಣಿಗೆ ನಿಧಾನವಾದ, ಕೈಕಾಲು ಮಾತು ಕೇಳದ ಮಕ್ಕಳಿಗಾಗಿ ಒಂದು ಟ್ರಸ್ಟು ಹಗಲು ಶಾಲೆ ನಡೆಸುತ್ತಿದೆ. ಬಾಡಿಗೆ ಮನೆ, ಇಬ್ಬರು ಟೀಚರು, ಒಬ್ಬ ಆಯಾ. ಅವರಿಗೆಲ್ಲ ಸಂಬಳ ಹುಟ್ಟಿಸುವುದು, ಮಕ್ಕಳಿಗೆ ಮಧ್ಯಾಹ್ನದ ಊಟ ಹುಟ್ಟಿಸುವುದು, ಒಮ್ಮೆ ಕೊಟ್ಟವರು ಮುಂದಿನ ವರ್ಷವೂ ಕೊಡುವಂತೆ ಅವರ ಮನಸ್ಸು ಕಾಯುವುದು ಸರ್ವಮಂಗಳಮ್ಮನ ಪಾಲಿಗೆ ಬಂತು. ವಿಸಿಟಿಂಗ್ ಕಾರ್ಡಿನಲ್ಲಿ ‘ಸಂಪನ್ಮೂಲ ಸಂಯೋಜಕಿ’ ಎಂದಿದೆ. ಪೇಟೆಯವರು ಚಂದಾ ಮಂಗಳಮ್ಮ ಎನ್ನುತ್ತಾರೆ.

ದಾನಿಗಳ ಮನಸ್ಸು ಕಾಯುವುದು ಹುಡುಗಾಟವಲ್ಲ. ಆ ಶಾಲೆಯ ಫ್ಯಾನಿನ ಮೂರು ರೆಕ್ಕೆಗೂ ಕೊಟ್ಟವರ ಹೆಸರಿದೆ. ತಿರುಗುವಾಗ ಓದಲಾಗುವುದಿಲ್ಲವೆಂದು ಒಬ್ಬರು ಬೇಜಾರು ಮಾಡಿಕೊಂಡದ್ದೂ ಉಂಟು. ಟ್ಯೂಬ್‌ಲೈಟಿನ ಮೇಲೆ ಅಣ್ಣತಮ್ಮಂದಿರ ಹೆಸರು ಎಷ್ಟು ದಪ್ಪಗೆ ಬರೆಸಿದ್ದಾರೆಂದರೆ ಅರ್ಧ ಬೆಳಕು ಹೆಸರಿಗೇ ಹೋಗುತ್ತದೆ. ಮಗನ ಬರ್ತ್‌ಡೇಗೆ ಊಟ ಹಾಕಿಸುವವರು ಬಂದರೆ ಮಕ್ಕಳು ಸಾಲಾಗಿ ಕೂತು, ತಟ್ಟೆಯಲ್ಲಿ ಪಲಾವ್ ಆರುತ್ತಿದ್ದರೂ, ಫೋಟೋ ಮುಗಿಯುವವರೆಗೆ ಕಾಯಬೇಕು. ಹಸಿದ ಮಗುವಿನ ಮುಂದೆ ತಟ್ಟೆ ಇಟ್ಟು ಮೊಬೈಲು ಹುಡುಕುವ ಜನರನ್ನು ನಾವು ದಾನಿಗಳು ಎಂದು ಕರೆಯುತ್ತೇವೆ. ಬೇರೆ ಪದ ನಮ್ಮಲ್ಲಿಲ್ಲ, ಅಥವಾ ಹುಡುಕುವ ಧೈರ್ಯವಿಲ್ಲ.

ಆದರೆ ಸರ್ವಮಂಗಳಮ್ಮನನ್ನು ವರ್ಷಗಟ್ಟಲೆ ಗೊಂದಲಕ್ಕೆ ಕೆಡವಿದ್ದು ಫ್ಯಾನೂ ಅಲ್ಲ, ಫೋಟೋವೂ ಅಲ್ಲ. ಒಂದು ಪ್ರಶ್ನೆ. ಯಾವ ಅಂಗಡಿಗೆ ಹೋದರೂ, ಯಾವ ಜಾತಿಯವರ ಮನೆ ಮೆಟ್ಟಿಲು ಹತ್ತಿದರೂ, ಮೊದಲು ಕೇಳುತ್ತಿದ್ದುದು ಒಂದೇ: ಅನಾಥ ಮಕ್ಕಳಾ?

ಶುರುವಿನಲ್ಲಿ ಅವರು ನಿಜ ಹೇಳುತ್ತಿದ್ದರು. ಇಲ್ಲ, ಅಪ್ಪ ಅಮ್ಮ ಇದ್ದಾರೆ, ಕೂಲಿಗೆ ಹೋಗುವವರು, ಮಗುವನ್ನು ಎಲ್ಲಿ ಬಿಟ್ಟು ಹೋಗೋದು ಅಂತ ನಮ್ಮಲ್ಲಿಗೆ ಕಳಿಸುತ್ತಾರೆ. ಅಷ್ಟು ಹೇಳುವುದರೊಳಗೆ ಗಲ್ಲಾದೊಳಗೆ ಹೋದ ಕೈ ಅಲ್ಲೇ ನಿಲ್ಲುತ್ತಿತ್ತು. ಅಪ್ಪ ಅಮ್ಮ ಇದ್ದಮೇಲೆ ನೋಡ್ಕೊಳ್ಳಲಿ ಬಿಡಮ್ಮ ಎನ್ನುತ್ತಿದ್ದರು. ರಂಜಾನಿನಲ್ಲಿ ಜಕಾತ್ ಕೊಡುವವರು ಯತೀಮ್, ಅಂದರೆ ತಬ್ಬಲಿ ಮಕ್ಕಳಾದರೆ ಮಾತ್ರ ಎನ್ನುತ್ತಿದ್ದರು. ಮನೆಯಲ್ಲಿ ಕೂಡಿಹಾಕಿರುವ ಮಗುವಿನ ಅಮ್ಮ ಬದುಕಿರುವುದೇ ಆ ಮಗುವಿನ ತಪ್ಪು ಎನ್ನುವಂತೆ. ನಿಧಾನಕ್ಕೆ ಸರ್ವಮಂಗಳಮ್ಮ ಒಂದು ದಾರಿ ಕಂಡುಕೊಂಡರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅನಾಥ ಮಕ್ಕಳಾ ಎಂದು ಕೇಳಿದರೆ, “ಪಾಪದ ಮಕ್ಳು ಸಾರ್” ಎಂದು ರಸೀದಿ ಪುಸ್ತಕ ತೆರೆಯುತ್ತಿದ್ದರು. ಅದು ಸುಳ್ಳೋ ಅಲ್ಲವೋ ಅವರಿಗೆ ತಿಳಿಯಲಿಲ್ಲ. ನನಗೂ ಇವತ್ತಿಗೂ ತಿಳಿಯುವುದಿಲ್ಲ.

ಹೋದ ವರ್ಷ ಶಾಲೆಯ ಮಕ್ಕಳನ್ನು ಕರೆತರುತ್ತಿದ್ದ ಆಟೋದವನು ಬಿಟ್ಟುಹೋದ. ಎತ್ತಿಕೊಂಡೇ ಬರಬೇಕಾದ ಮಕ್ಕಳು ಮನೆಯಲ್ಲೇ ಉಳಿದರು. ಒಂದು ವ್ಯಾನು ಬೇಕಾಯಿತು. ಸರ್ವಮಂಗಳಮ್ಮ ವೀರೇಂದ್ರ ಎಂಬುವವರ ಹಿಂದೆ ಬಿದ್ದರು. ವೀರೇಂದ್ರ ಹೊಲ ಕೊಂಡು, ಬಡಾವಣೆ ಮಾಡಿ, ಸೈಟು ಮಾರುವವರು. ನಗರಸಭೆ ಚುನಾವಣೆಗೆ ನಿಲ್ಲುತ್ತಾರೆಂದು ಸುದ್ದಿ. ಕೆಟ್ಟ ಮನುಷ್ಯರಲ್ಲ. ಆದರೆ ಹಿಂದೊಮ್ಮೆ ಒಂದು ದೇವಸ್ಥಾನದ ಸಮಿತಿಯವರು ಅವರ ಫ್ಲೆಕ್ಸನ್ನು ಹಬ್ಬಕ್ಕೆ ಮುಂಚೆಯೇ ಬಿಚ್ಚಿದರೆಂದು, ಗೋಪುರಕ್ಕೆ ಅರ್ಧ ಬಳಿಸಿದ್ದ ಬಣ್ಣವನ್ನು ಅಲ್ಲಿಗೇ ನಿಲ್ಲಿಸಿದವರು. ಆ ಗೋಪುರ ಇವತ್ತಿಗೂ ಎರಡು ಬಣ್ಣದಲ್ಲಿದೆ.

ವೀರೇಂದ್ರ ಶಾಲೆಗೆ ಬಂದರು, ಮಕ್ಕಳಿಗೆ ಬ್ಯಾಗು ಕೊಟ್ಟರು. ವ್ಯಾನು ಕೊಡಿಸುತ್ತೇನೆ, ಒಳ್ಳೆ ದಿನ ನೋಡಿ ಹೇಳುತ್ತೇನೆ ಎಂದರು. ಆಗ ತೆಗೆದ ಫೋಟೋದಲ್ಲಿ ಅವರ ಕೈ ಮುಜೀಬ್ ಎಂಬ ಹುಡುಗನ ತಲೆಯ ಮೇಲಿತ್ತು. ಮುಜೀಬನಿಗೆ ಕಾಲು ನಿಲ್ಲುವುದಿಲ್ಲ, ಮಾತು ಬರುವುದಿಲ್ಲ, ನಗು ಮಾತ್ರ ದಂಡಿಯಾಗಿದೆ. ಆ ಹೊತ್ತಿಗೆ ಸರಿಯಾಗಿ ವೀರೇಂದ್ರರ ಮೊಬೈಲು ನಾಗಸ್ವರ ಊದಿತು. ಮುಜೀಬ ಬಾಯಿ ತುಂಬ ನಕ್ಕ. ಫೋಟೋ ಅಷ್ಟು ಚೆನ್ನಾಗಿ ಬಂತು.

ಧನ್ಯವಾದದ ಫ್ಲೆಕ್ಸು ಹಾಕಿಸುವುದು ಇಲ್ಲಿಯ ರಿವಾಜು. ಫ್ಲೆಕ್ಸಿಗೆ ನಿಷೇಧ ಬಂದು ಎಷ್ಟೋ ಕಾಲವಾಯಿತು, ನಿಷೇಧದ ಬಗ್ಗೆಯೂ ಫ್ಲೆಕ್ಸೇ ಹಾಕುತ್ತಾರೆ. ಸರ್ವಮಂಗಳಮ್ಮ ಜಯಕುಮಾರನ ಫ್ಲೆಕ್ಸ್ ಅಂಗಡಿಗೆ ಹೋದರು. ಜಯಕುಮಾರನ ಕಂಪ್ಯೂಟರಿನಲ್ಲಿ ಎಲ್ಲದಕ್ಕೂ ರೆಡಿ ಮಾದರಿ ಇದೆ. ಮದುವೆ, ತಿಥಿ, ಗೃಹಪ್ರವೇಶ, ದಾನ. ದಾನದ ಮಾದರಿ ತೆರೆದಾಗ ಮೇಲೆ ದೊಡ್ಡಕ್ಷರದಲ್ಲಿ ‘ಅನಾಥ ಮಕ್ಕಳ ಆಶಾಕಿರಣ’ ಎಂದಿತ್ತು. ಕೆಳಗೆ ಫೋಟೋ ಕೂರಿಸಿ, ಹೆಸರು ಬದಲಾಯಿಸಿ, ಸರೀನಾ ಅಕ್ಕ ಎಂದು ಕೇಳಿದ. ಸರ್ವಮಂಗಳಮ್ಮ ಆ ಮೊದಲ ಪದವನ್ನು ನೋಡಿದರು. ಚೆನ್ನಾಗಿಯೇ ನೋಡಿದರು. ಸರಿ ಎಂದರು.

ಬಸ್‌ಸ್ಟ್ಯಾಂಡಿನ ಮುಂದೆ ಫ್ಲೆಕ್ಸು ಎದ್ದಿತು. ಎದುರಿನ ಬೇಕರಿಯಲ್ಲಿ ಶಾಲೆಯ ಕಾಣಿಕೆ ಡಬ್ಬಿ ಇಟ್ಟಿದ್ದರು. ಆ ವಾರ ಡಬ್ಬಿ ತುಂಬಿತು. ಹಿಂದೆಂದೂ ಹಾಗೆ ತುಂಬಿರಲಿಲ್ಲ. ಡಬ್ಬಿಯನ್ನು ಎತ್ತಿ ಅಲ್ಲಾಡಿಸಿದಾಗ ಸದ್ದೇ ಬರಲಿಲ್ಲವಂತೆ, ಅಷ್ಟು ನೋಟು. ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ ಸರ್ವಮಂಗಳಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಬೇಕರಿಯ ಬೆಂಚಿನ ಮೇಲೆ ಸುಮ್ಮನೆ ಕೂತರು.

ಮುಜೀಬನ ಅಮ್ಮ ಮುನವ್ವರಾ ಶಾಲೆಗೆ ಬಂದದ್ದು ಒಂದು ಬುಧವಾರ. ಯಾವಾಗಲೂ ಬಂದ ಕೂಡಲೇ ಆಯಾ ಜೊತೆ ಲೊಟಲೊಟ ಮಾತಾಡುವ ಹೆಂಗಸು, ಅವತ್ತು ಬಾಗಿಲಲ್ಲೇ ನಿಂತಳು. ಅವಳ ಗಂಡ ರಸೂಲ್ ಬೊಂಬೆ ಕಡೆಯುವವನು. ಹಾಲೆ ಮರದ ತುಂಡಿಗೆ ಅರಗು ಕೊಟ್ಟು ಬಣ್ಣ ತರುವ ಕೆಲಸ, ಅಪ್ಪನ ಕಾಲದಿಂದ ಬಂದದ್ದು. ಮರ ಕೊಳ್ಳಲು ಬಸ್‌ಸ್ಟ್ಯಾಂಡಿನ ಕಡೆ ಹೋದವನು ಫ್ಲೆಕ್ಸ್ ಓದಿದ್ದಾನೆ. ಮರ ಕೊಳ್ಳದೆ ವಾಪಸು ಬಂದಿದ್ದಾನೆ. ಅವತ್ತಿನಿಂದ ಬೊಂಬೆ ಕಡೆಯುವ ಮಷೀನು ಆನ್ ಮಾಡಿಲ್ಲ, ಊಟಕ್ಕೆ ಕರೆದರೆ ಬರುತ್ತಾನೆ, ಹೆಂಡತಿಯ ಜೊತೆ ಮಾತಿಲ್ಲ.

“ಮಂಗಳಕ್ಕಾ, ನನ್ ಮಗ ಯಾವಾಗ ಅನಾಥ ಆದ?” ಎಂದಳು ಮುನವ್ವರಾ. “ನಮ್ಮನೆಯವ್ರು ಬಂದು ಒಂದೇ ಮಾತು ಕೇಳಿದ್ರು, ನಾನು ಸತ್ತೋದ್ನಾ ಅಂತ. ಏನ್ ಹೇಳ್ಲಿ?”

ಇಷ್ಟೇ ಆಗಿದ್ದರೆ ಕಾಲಿಗೆ ಬಿದ್ದಾದರೂ ಸರಿಮಾಡಬಹುದಿತ್ತು. ಇನ್ನೊಂದಿತ್ತು. ಮುಜೀಬನ ಅಕ್ಕ ನೂರೀನಳಿಗೆ ಮಾಗಡಿಯಿಂದ ಸಂಬಂಧ ಬಂದಿತ್ತು. ಹುಡುಗ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದ. ಹುಡುಗನ ಅಮ್ಮ ಹಫೀಜಾ ಮತ್ತು ಹಿರಿಯರು ಶುಕ್ರವಾರ ಮಧ್ಯಾಹ್ನ ಮಾತು ಮುಗಿಸಲು ಬರುವವರಿದ್ದರು. ನಮ್ಮಲ್ಲೊಬ್ಬ ನಡೆಯಲಾಗದ ಮಗನಿದ್ದಾನೆ ಎಂದು ರಸೂಲ್ ಮೊದಲೇ ಹೇಳಿಕಳಿಸಿದ್ದ, ಅದನ್ನು ಮುಚ್ಚಿಟ್ಟಿರಲಿಲ್ಲ. ಅವರು ಇಳಿಯುವುದು ಅದೇ ಬಸ್‌ಸ್ಟ್ಯಾಂಡಿನಲ್ಲಿ. ಇಳಿದು ತಲೆ ಎತ್ತಿದರೆ ಅದೇ ಹುಡುಗ, ಮೇಲೆ ಅನಾಥ ಎಂಬ ಪದ. ಹಾಗಾದರೆ ಇವನು ಯಾರ ಮಗ, ಇವಳು ಯಾರ ಮಗಳು, ಈ ಮನೆಯವರು ಇನ್ನೂ ಏನೇನು ಸುಳ್ಳು ಹೇಳಿದ್ದಾರೆ ಎಂದು ಕೇಳದೆ ಬಿಡುವ ಬೀಗರು ಉಂಟೇ? ಶುಕ್ರವಾರದೊಳಗೆ ಆ ಮುಖ ಅಲ್ಲಿರಬಾರದು. ಮುನವ್ವರಾ ಕೇಳಿದ್ದು ಅಷ್ಟೇ.

ಬಿಚ್ಚಿಬಿಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬಿಚ್ಚಿದರೆ ವೀರೇಂದ್ರ. ಎರಡು ಬಣ್ಣದ ಗೋಪುರ ಸರ್ವಮಂಗಳಮ್ಮನ ಕಣ್ಣ ಮುಂದೆ ಬಂತು. ವ್ಯಾನಿಲ್ಲದೆ ಮನೆಯಲ್ಲೇ ಉಳಿದ ಮಕ್ಕಳೂ ಬಂದರು. ಅದರಲ್ಲಿ ಒಂದು ಹುಡುಗಿಯನ್ನು ಅಮ್ಮ ಕೆಲಸಕ್ಕೆ ಹೋಗುವಾಗ ಮಂಚದ ಕಾಲಿಗೆ ದುಪಟ್ಟಾದಿಂದ ಕಟ್ಟಿ ಹೋಗುತ್ತಾಳೆಂದು ಆಯಾ ಹೇಳಿದ್ದಳು. ಒಂದು ಕಡೆ ಮುಜೀಬನ ಅಪ್ಪನ ಮಾನ, ಇನ್ನೊಂದು ಕಡೆ ಅವಳ ಕಾಲಿನ ಕಟ್ಟು. ಅವತ್ತು ಅವರು ಮನೆಗೆ ಹೋಗುವ ಬದಲು ದಾರಿ ತಪ್ಪಿ ಹಳೇ ದಿನಸಿ ಅಂಗಡಿಯ ಮುಂದೆ ಹೋಗಿ ನಿಂತಿದ್ದರಂತೆ. ಅಂಗಡಿ ಈಗ ಮೊಬೈಲ್ ರಿಪೇರಿಯದು. ಏನ್ ಬೇಕಮ್ಮ ಎಂದು ಅವನು ಕೇಳಿದಾಗಲೇ ಎಚ್ಚರವಾದದ್ದು.

ಗುರುವಾರ ಬೆಳಗ್ಗೆ ಜಯಕುಮಾರನ ಅಂಗಡಿಗೆ ಹೋದರು. ಆ ಪದದ ಮೇಲೊಂದು ಬಿಳಿ ಸ್ಟಿಕ್ಕರು ಅಂಟಿಸೋಣವೇ ಎಂದು ಕೇಳಿದರು. ಜಯಕುಮಾರ ಒಪ್ಪಲಿಲ್ಲ.

“ತೇಪೆ ಹಾಕಿದ್ರೆ ಜನ ತೇಪೆನೇ ಓದ್ತಾರೆ ಕಣಕ್ಕ. ಉಗುರಲ್ಲಿ ಕೆರೆದು ನೋಡ್ತಾರೆ. ವೀರೇಂದ್ರಣ್ಣಂದು ಏನೋ ಕೇಸಾಗೈತೆ ಅಂತಾರೆ.”

ಮತ್ತೇನು ಮಾಡುವುದು ಎಂದರೆ ಅವನು ಸಲೀಸಾಗಿ ಊರಿನ ನಿಯಮ ಹೇಳಿದ. ಈ ಊರಲ್ಲಿ ಫ್ಲೆಕ್ಸನ್ನು ಯಾರೂ ಬಿಚ್ಚುವುದಿಲ್ಲ, ಮೇಲೆ ಇನ್ನೊಂದು ಹೊಡೆಯುತ್ತಾರೆ. ಬಿಚ್ಚಿದರೆ ಜಗಳ, ಮುಚ್ಚಿದರೆ ಸಂಪ್ರದಾಯ. ಆದರೆ ಬೇರೆಯವರ ಮುಖ ತಂದು ವೀರೇಂದ್ರರ ಮುಖ ಮುಚ್ಚಿದರೂ ಅದೇ ಜಗಳ. ಸರ್ವಮಂಗಳಮ್ಮ ತಲೆ ಹಿಡಿದುಕೊಂಡು ಕೂತರು. ಜಯಕುಮಾರ ಸ್ವಲ್ಪ ಹೊತ್ತು ಗಡ್ಡ ಕೆರೆದ.

“ಅಣ್ಣನ್ ಮುಖಾನ ಅಣ್ಣನ್ ಮುಖದಲ್ಲೇ ಮುಚ್ಚುಬುಡು. ದೊಡ್ಡದಾಗಿ. ಹುಟ್ಟುಹಬ್ಬದ ಶುಭಾಶಯ ಅಂತ. ಸ್ವಂತ ಹುಟ್ಟುಹಬ್ಬದ ಮೇಲೆ ಯಾವನ್ ಕ್ವಾಪ ಮಾಡ್ಕೊತಾನೆ?”

ಹುಟ್ಟುಹಬ್ಬ ಯಾವಾಗ ಎಂದು ಸರ್ವಮಂಗಳಮ್ಮನಿಗೆ ಗೊತ್ತಿಲ್ಲ. ಜಯಕುಮಾರನಿಗೂ ಗೊತ್ತಿಲ್ಲ. ನಾಳೆ ಅಂತ ಹಾಕು ಎಂದರು. ಕೆಳಗೆ ‘ಅಭಿಮಾನಿಗಳು’ ಎಂದು ಹಾಕಿಸಿದರು, ಹೇಗೂ ಯಾರೆಂದು ಯಾರೂ ಕೇಳುವುದಿಲ್ಲ. ದುಡ್ಡು ತಮ್ಮ ಕೈಯಿಂದಲೇ ಕೊಟ್ಟರು. ಸಂಜೆಯೊಳಗೆ ಮುಜೀಬನ ನಗು ಒಳಗೆ ಹೋಯಿತು. ಹೊರಗೆ ವೀರೇಂದ್ರರ ಒಂದಾಳುದ್ದದ ಮುಖ ಕನ್ನಡಕ ಹಾಕಿಕೊಂಡು ಬಸ್ಸುಗಳನ್ನು ನೋಡುತ್ತ ನಿಂತಿತು.

ಶುಕ್ರವಾರ ಬೆಳಗಾಗುತ್ತಲೇ ವೀರೇಂದ್ರರ ಮೊಬೈಲಿನ ನಾಗಸ್ವರ ನಿಲ್ಲಲಿಲ್ಲ. ಫ್ಲೆಕ್ಸ್ ನೋಡಿದವರೆಲ್ಲ ಹಾರೈಸುತ್ತಿದ್ದರು. ವೀರೇಂದ್ರರಿಗೆ ದಿಗ್ಭ್ರಮೆ. ದಾಖಲೆಯಲ್ಲಿ ಅವರ ಹುಟ್ಟಿದ ದಿನ ಜೂನ್ ಒಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು. ಆ ಕಾಲದಲ್ಲಿ ಶಾಲೆಗೆ ಸೇರಿದ ಅರ್ಧ ಜಿಲ್ಲೆ ಹುಟ್ಟಿದ್ದು ಜೂನ್ ಒಂದಕ್ಕೇ. ನಿಜವಾಗಿ ಯಾವಾಗ ಹುಟ್ಟಿದ್ದೆಂದು ಅವರ ಅವ್ವ ಹೇಳುತ್ತಿದ್ದುದು ಇಷ್ಟೇ: ಕಾರ್ತೀಕ ಮಾಸ, ರಾಗಿ ತೆನೆ ಬಲಿತಿತ್ತು. ಈಗಲೂ ಕಾರ್ತೀಕ ಮಾಸವೇ ನಡೆದಿತ್ತು. ಯಾರೋ ಪುಣ್ಯಾತ್ಮರು ಹಳೇ ಪಂಚಾಂಗ ತೆಗೆಸಿ, ಲೆಕ್ಕ ಹಾಕಿಸಿ, ತಮ್ಮ ನಿಜವಾದ ಹುಟ್ಟುಹಬ್ಬವನ್ನು ಕಂಡುಹಿಡಿದಿದ್ದಾರೆಂದು ಅವರು ತೀರ್ಮಾನಿಸಿದರು. ಕಣ್ಣಲ್ಲಿ ನೀರು ಬಂತಂತೆ. ನಗಬೇಡಿ. ಹುಟ್ಟಿದ ದಿನವೇ ಗೊತ್ತಿಲ್ಲದ ಮನುಷ್ಯನಿಗೆ ಯಾರೋ ಅದನ್ನು ತಂದು ಕೊಟ್ಟರೆ ಏನಾಗುತ್ತದೆಂದು ನನಗಂತೂ ಗೊತ್ತಿಲ್ಲ.

ಹುಟ್ಟುಹಬ್ಬವೆಂದ ಮೇಲೆ ಕೇಕು. ಕೇಕೆಂದ ಮೇಲೆ ಮಕ್ಕಳು. ಬೆಂಬಲಿಗರನ್ನು ಎರಡು ಕಾರಿನಲ್ಲಿ ತುಂಬಿಕೊಂಡು, ಫೋಟೋದವನನ್ನೂ ಕೂರಿಸಿಕೊಂಡು ಮಧ್ಯಾಹ್ನ ಶಾಲೆಗೆ ಬಂದರು. ಸರ್ವಮಂಗಳಮ್ಮ ಎದೆ ಹಿಡಿದುಕೊಂಡು ಸ್ವಾಗತ ಮಾಡಿದರು. ಕೇಕು ಬಿಚ್ಚುವ ಮುಂಚೆ ವೀರೇಂದ್ರ ಸುತ್ತ ನೋಡಿದರು. ಆವತ್ತು ನನ್ನ ಜೊತೆ ನಗ್ತಿದ್ದ ಮಗು ಎಲ್ಲಿ ಎಂದು ಕೇಳಿದರು. ಆಯಾ ಹಿಂದೆ ಮುಂದೆ ನೋಡದೆ, ಅವರ ಮನೆಗೆ ನೆಂಟರು ಬರುತ್ತಾರೆಂದು ಇವತ್ತು ಕಳಿಸಿಲ್ಲ ಎಂದುಬಿಟ್ಟಳು.

ಅನಾಥನಿಗೆ ಮನೆ ಎಲ್ಲಿಂದ ಬಂತು? ವೀರೇಂದ್ರರ ಹುಬ್ಬು ಗಂಟಾದದ್ದನ್ನು ಸರ್ವಮಂಗಳಮ್ಮ ನೋಡಿದರು. ಹೇಳಿಬಿಡಲು ಅದೇ ಸರಿಯಾದ ಗಳಿಗೆಯಾಗಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ವೀರೇಂದ್ರ ತಾವೇ ಉತ್ತರ ಕಂಡುಕೊಂಡರು. ಅಂದರೆ ಯಾರೋ ದೊಡ್ಡ ಮನಸ್ಸಿನವರು ಆ ಮಗುವನ್ನು ಮನೆಯಲ್ಲಿಟ್ಟು ಸಾಕುತ್ತಿದ್ದಾರೆ. ಅಂಥವರಿಗೆ ಸನ್ಮಾನ ಮಾಡದೆ ಇನ್ನಾರಿಗೆ ಮಾಡುವುದು? ಕಾರಿನಲ್ಲಿ ಶಾಲು, ಹಾರ ಹೇಗೂ ಇದ್ದವು, ತಮಗೇ ಹಾಕಲು ಬೆಂಬಲಿಗರು ತಂದದ್ದು. ಆಯಾಳನ್ನು ಮನೆ ಎಲ್ಲೆಂದು ಕೇಳಿ, ಬಿಚ್ಚದ ಕೇಕನ್ನೂ ಎತ್ತಿಸಿಕೊಂಡು, ನಡೀರಿ ಎಂದರು. ಬೇಡ ಸಾರ್, ಇವತ್ತು ಬೇಡ ಎಂದು ಸರ್ವಮಂಗಳಮ್ಮ ಕಾರಿನ ಹಿಂದೆಯೇ ಓಡಿದರು. ಯಾರೋ ಅವರನ್ನೂ ಎಳೆದು ಎರಡನೇ ಕಾರಿಗೆ ಹತ್ತಿಸಿಕೊಂಡರು.

ರಸೂಲನ ಮನೆಯ ಮುಂದಿನ ಕೋಣೆಯೇ ಬೊಂಬೆ ಕಡೆಯುವ ಜಾಗ. ಮಷೀನಿಗೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಚಾಪೆ ಹಾಸಿ ಬೀಗರನ್ನು ಕೂರಿಸಿದ್ದರು. ಹಫೀಜಾ ಗೋಡೆಗೊರಗಿ ಕೂತಿದ್ದಳು. ಬಂದಾಗಿನಿಂದ ಅವಳ ಕಣ್ಣು ಮೂಲೆಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದ ಮುಜೀಬನ ಮೇಲೇ ಇತ್ತಂತೆ. ಮುನವ್ವರಾ ಅದನ್ನು ಗಮನಿಸಿ ಬೆವರುತ್ತಿದ್ದಳು. ಟೀ ಲೋಟ ಕೈಗೆ ಬಂದಿತ್ತು, ಮಾತು ಇನ್ನೂ ಮಳೆ ಬೆಳೆಯಲ್ಲೇ ಇತ್ತು. ಆಗ ಗಲ್ಲಿಯಲ್ಲಿ ಕಾರಿನ ಬಾಗಿಲುಗಳು ಬಡಿದ ಸದ್ದು, ನಾಗಸ್ವರ. ಮುಜೀಬ ನಗಲು ಶುರುಮಾಡಿದ.

ವೀರೇಂದ್ರ ಒಳಗೆ ಬಂದವರೇ ಎಲ್ಲರಿಗೂ ಕೈಮುಗಿದರು. ಮನೆಯ ಯಜಮಾನರು ಯಾರೆಂದು ಕೇಳಿದರು. ರಸೂಲ್ ಎದ್ದು ನಿಂತ. ಏನು ಏಕೆ ಎಂದು ಅವನಿಗೆ ತಿಳಿಯುವ ಮುಂಚೆ ಶಾಲು ಹೆಗಲ ಮೇಲೆ ಬಿದ್ದಿತ್ತು, ಹಾರ ಕುತ್ತಿಗೆಗೆ.

“ಯಾರ್ದೋ ಮಗೂನ ಸ್ವಂತ ಮಗನಂಗೆ ಸಾಕ್ತಿದ್ದೀರಿ. ನಿಮ್ಮಂತೋರಿಂದ್ಲೇ ಈ ಊರಲ್ಲಿ ಇನ್ನೂ ಮಳೆ ಬೀಳ್ತಾ ಇರೋದು” ಎಂದರು ವೀರೇಂದ್ರ.

ಕೋಣೆಯಲ್ಲಿ ಟೀ ಹೀರುವ ಸದ್ದು ನಿಂತಿತು. ರಸೂಲ್ ಹಾರವನ್ನು ಮುಟ್ಟಿ ನೋಡಿಕೊಂಡ. ಆಮೇಲೆ ನಿಧಾನವಾಗಿ, “ಅವ್ನು ನನ್ ಮಗಾನೇ ಸಾರ್” ಎಂದ.

“ನೋಡ್ರಪ್ಪಾ” ಎಂದು ವೀರೇಂದ್ರ ತಮ್ಮವರ ಕಡೆ ತಿರುಗಿದರು. “ನನ್ ಮಗಾನೇ ಅಂತವ್ರೆ. ಎಂಥಾ ದೊಡ್ ಮನ್ಸು ನೋಡ್ರಿ.”

ಬೆಂಬಲಿಗರು ಚಪ್ಪಾಳೆ ತಟ್ಟಿದರು. ಫೋಟೋದವನು ಮುಜೀಬನನ್ನು ಎತ್ತಿ ಮಧ್ಯಕ್ಕೆ ತನ್ನಿ ಎಂದ. ಮತ್ತೆ ನಾಗಸ್ವರ, ಮತ್ತೆ ಮುಜೀಬನ ನಗು. ರಸೂಲ್ ಇನ್ನೊಮ್ಮೆ ನನ್ನ ಮಗ ಎಂದ. ಅವನು ಹೇಳಿದಷ್ಟೂ ಅದು ಇನ್ನೊಬ್ಬರ ಮಗನ ಮೇಲಿನ ಪ್ರೀತಿಯಂತೆಯೇ ಕೇಳುತ್ತಿತ್ತು. ನಿಜ ಹೇಳುವ ಬಾಯಿಯನ್ನು ಹೊಗಳಿಕೆಯಿಂದ ಮುಚ್ಚಬಹುದೆಂದು ನನಗೆ ಗೊತ್ತಿರಲಿಲ್ಲ. ಮಾಗಡಿಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಫೀಜಾ ಲೋಟ ಕೆಳಗಿಟ್ಟಳು. ಮುನವ್ವರಾ ಬಾಗಿಲ ಹತ್ತಿರ ನಿಂತಿದ್ದ ಸರ್ವಮಂಗಳಮ್ಮನನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬೈಗುಳವಿದ್ದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಸರ್ವಮಂಗಳಮ್ಮ.

ನಿಜ ಹೇಳಿದರೆ ವ್ಯಾನು ಕೈತಪ್ಪಿ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮಂಚದ ಕಾಲಿಗೆ ಕಟ್ಟಿದ ಹುಡುಗಿಯ ನೆನಪೂ ಆಯಿತು. ಆದರೂ ಮುಂದೆ ಬಂದರು.

“ಸಾಕ್ತಿರೋರಲ್ಲ ಸಾರ್, ಹುಟ್ಟಿಸ್ದೋರು. ಇವ್ನಪ್ಪ ಇವ್ರೇ. ಹೆತ್ತೋಳು ಅಗೋ ಅವ್ಳು. ಅನಾಥ ಅಂತ ಹಾಕ್ಸಿದ್ದು ನಾನು.”

ವೀರೇಂದ್ರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ರಸೂಲನ ಹೆಗಲ ಮೇಲಿನ ಶಾಲನ್ನು ನೋಡಿದರು, ಅದನ್ನು ತೆಗೆಯಬೇಕೋ ಬಿಡಬೇಕೋ ಎಂದು ಕೈ ಚಾಚಿ ಹಿಂದಕ್ಕೆಳೆದುಕೊಂಡರು.

“ಯಾಕಮ್ಮಾ ಹಂಗ್ ಹಾಕ್ಸಿದ್ರಿ?”

“ಅಪ್ಪ ಅಮ್ಮ ಇರೋ ಮಕ್ಳಿಗೆ ಯಾರೂ ಕೊಡಕಿಲ್ಲ ಸಾರ್.”

“ನಾನ್ ಕೊಡ್ತಿದ್ದೆ.”

ವೀರೇಂದ್ರ ಆ ಮಾತನ್ನು ಇನ್ನೊಮ್ಮೆ ಹೇಳಲು ಹೊರಟರು, ಅರ್ಧದಲ್ಲೇ ಬಿಟ್ಟರು. ಕೊಡುತ್ತಿದ್ದರೋ ಇಲ್ಲವೋ ಅವರಿಗೇ ಖಾತ್ರಿಯಿರಲಿಲ್ಲವೆಂದು ಕಾಣುತ್ತದೆ.

ಆಗ ಮಾತಾಡಿದವಳು ಹಫೀಜಾ. ಹೋದ ವಾರ ಬಳೆ ತೆಗೆದುಕೊಳ್ಳಲು ಚನ್ನಪಟ್ಟಣಕ್ಕೆ ಬಂದಿದ್ದಳಂತೆ. ಬಸ್ಸಿಳಿದಾಗ ಈ ಹುಡುಗನ ಫೋಟೋ ನೋಡಿದ್ದಳು. ಮುಚ್ಚಿದ್ದೆಲ್ಲ ವ್ಯರ್ಥ, ಮುಚ್ಚುವ ಮುಂಚೆಯೇ ನೋಡಬೇಕಾದವಳು ನೋಡಿಯಾಗಿತ್ತು. ಇವತ್ತು ಇಲ್ಲಿ ಬಂದು ಕೂತಾಗಿನಿಂದ ಅದೇ ನಗು ಎದುರಿಗಿದೆ, ಕೇಳುವುದು ಹೇಗೆಂದು ತಿಳಿಯದೆ ಒದ್ದಾಡುತ್ತಿದ್ದಳು.

“ನಾನೂ ಬೇಕ್ರಿ ಡಬ್ಬಿಗೆ ದುಡ್ ಹಾಕ್ದೆ, ಯತೀಮ್ ಮಗು ಪಾಪ ಅಂತ” ಎಂದಳು. “ಅಪ್ಪ ಅವ್ನೆ ಅಂತ ಗೊತ್ತಾಗಿದ್ರೆ ಹಾಕ್ತಿರ್ಲಿಲ್ಲ. ಸುಳ್ಳ್ಯಾಕೆ ಹೇಳ್ಲಿ.”

ಅವಳು ಕೆಳಗಿಟ್ಟಿದ್ದ ಲೋಟವನ್ನು ಮತ್ತೆ ಎತ್ತಿಕೊಂಡಳು. ಟೀ ಆರಿತ್ತು, ಆದರೂ ಕುಡಿದಳು. ಮುಗಿಸಿ, ರಸೂಲನ ಕಡೆ ತಿರುಗಿ, ಭಾಯಿಸಾಬ್, ಆ ಹಾರ ತೆಗೆದಿಟ್ಟು ಕೂತ್ಕೊಳಿ, ಮಾತು ಮುಗಿಸೋಣ ಎಂದಳು. ಬೀಗರು ಕುಡಿದಿಟ್ಟ ಲೋಟ ಎತ್ತಲು ಒಳಗಿನಿಂದ ಬಂದ ನೂರೀನ್ ಬಾಗಿಲಲ್ಲಿ ಕೇಕಿನ ಡಬ್ಬ ಹಿಡಿದು ಗುಂಪಾಗಿ ನಿಂತವರನ್ನು ನೋಡಿದಳು. ಕೇಕೂ ಬಂದೈತೆ, ಕುಯ್ದು ಬಿಡಿ, ನನ್ ಮದ್ವೆ ಮಾತಿಗಿಂತ ಮೊದ್ಲು ಸಾರ್ ಹುಟ್ಟುಹಬ್ಬ ಆಗ್ಲಿ ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು. ಹಫೀಜಾ ಮೊದಲ ಸಲ ನಕ್ಕಳು. ಬಾಯಿ ಇರೋ ಹುಡುಗಿಯೇ ಬೇಕಿತ್ತು ನಮಗೆ ಎಂದು ಹಿರಿಯರಿಗೆ ಹೇಳಿದಳು. ಮಾತು ಗಟ್ಟಿಯಾಯಿತು. ಇಲ್ಲದ ಹುಟ್ಟುಹಬ್ಬದ ಕೇಕನ್ನು ರಸೂಲನ ಮನೆಯಲ್ಲಿ ಎಲ್ಲರೂ ತಿಂದರು, ವೀರೇಂದ್ರರೂ ನಿಂತುಕೊಂಡೇ ಒಂದು ತುಂಡು ತಿಂದರು. ಅದು ಅವರ ಹುಟ್ಟುಹಬ್ಬ ಅಲ್ಲವೆಂದು ಅವರಿಗೆ ಯಾರೂ ಹೇಳಲಿಲ್ಲ. ಅದನ್ನು ಹೇಳುವಷ್ಟು ಧೈರ್ಯ ಸರ್ವಮಂಗಳಮ್ಮನಲ್ಲಿ ಉಳಿದಿರಲಿಲ್ಲ, ಹೇಳಬೇಕಿತ್ತೋ ಇಲ್ಲವೋ ಅವರಿಗೆ ಈಗಲೂ ಗೊತ್ತಿಲ್ಲ.

ಬಹಳ ದಿನ ವೀರೇಂದ್ರ ಫೋನ್ ಎತ್ತಲಿಲ್ಲ. ಒಂದು ಬೆಳಗ್ಗೆ, ಯಾವ ಸುದ್ದಿಯೂ ಇಲ್ಲದೆ, ಒಂದು ಸೆಕೆಂಡ್‌ಹ್ಯಾಂಡ್ ಓಮ್ನಿ ಶಾಲೆಯ ಮುಂದೆ ಬಂದು ನಿಂತಿತು. ಬಾಗಿಲ ಮೇಲೆ ಬರೆಸಲು ಬಿಳಿ ಬಣ್ಣದ ಚೌಕ ಹೊಡೆಸಿದ್ದರು, ಒಳಗೆ ಏನೂ ಬರೆಸಿರಲಿಲ್ಲ. ಸರ್ವಮಂಗಳಮ್ಮ ಫೋನ್ ಮಾಡಿದಾಗ ಈ ಸಲ ಎತ್ತಿದರು. ಏನಂತ ಬರೆಸುವುದೆಂದು ಗೊತ್ತಾಗಲಿಲ್ಲ, ಅಪ್ಪ ಅಮ್ಮ ಇರುವ ಮಕ್ಕಳಿಗೆ ಎಂದು ಬರೆಸಿದರೆ ಜನ ನಗುವುದಿಲ್ಲವೇ, ಯೋಚನೆ ಮಾಡಿ ಹೇಳುತ್ತೇನೆ ಎಂದರು. ಆ ಯೋಚನೆ ಇನ್ನೂ ಮುಗಿದಿಲ್ಲ. ಖಾಲಿ ಚೌಕದ ಓಮ್ನಿ ದಿನಾ ಬೆಳಗ್ಗೆ ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ದುಪಟ್ಟಾದ ಹುಡುಗಿ ಡ್ರೈವರಿನ ಹಿಂದೆ ಕೂರುತ್ತಾಳೆ.

ಆದರೆ ಬೇಕರಿಯ ಡಬ್ಬಿ ಈಗ ಅಲ್ಲಾಡಿಸಿದರೆ ಸದ್ದು ಮಾಡುತ್ತದೆ, ಬರೀ ಚಿಲ್ಲರೆ. ಅನಾಥ ಮಕ್ಕಳಾ ಎಂದು ಕೇಳಿದರೆ ಸರ್ವಮಂಗಳಮ್ಮ ಈಗ ಅಲ್ಲ ಎನ್ನುತ್ತಾರೆ, ಅಪ್ಪನ ಹೆಸರು ಅಮ್ಮನ ಹೆಸರು ಹೇಳುತ್ತಾರೆ. ಗಲ್ಲಾದೊಳಗಿನ ಕೈ ಅಲ್ಲೇ ನಿಲ್ಲುತ್ತದೆ. ಹೋದ ತಿಂಗಳು ಒಬ್ಬ ಟೀಚರಿಗೆ ಸಂಬಳ ಅರ್ಧವೇ ಸಿಕ್ಕಿತು. ನಾನು ಸರಿಮಾಡಿದೆನೋ ತಪ್ಪು ಮಾಡಿದೆನೋ ನೀವೇ ಹೇಳಿ ಎಂದು ಅವರು ನನ್ನನ್ನು ಕೇಳಿದರು. ನನ್ನನ್ನಲ್ಲ ಕೇಳಬೇಕಾದ್ದು. ಗಲ್ಲಾದ ಹಿಂದೆ ಕೂತಿರುವ ನಮ್ಮನ್ನೆಲ್ಲ ಕೇಳಬೇಕು. ಒಂದು ಮಗುವಿಗೆ ಅನ್ನ ಹಾಕಲು ಅದರ ಅಪ್ಪನನ್ನು ಮೊದಲು ಸಾಯಿಸಬೇಕೆಂದು ಬಯಸುವ ನಮ್ಮ ಕರುಣೆಗೆ ಏನು ಹೆಸರು? ಕೊಡುವವರ ಕೊರಳಿಗೆ ಹಾರ ಬೇಕು, ತೆಗೆದುಕೊಳ್ಳುವವರಿಗೆ ಹಿಂದೆ ಮುಂದೆ ಯಾರೂ ಇರಬಾರದು. ಇದ್ದರೆ ಅವರು ನಮ್ಮ ಹಾಗೆಯೇ ಕಂಡುಬಿಡುತ್ತಾರಲ್ಲ, ಅದೇ ನಮಗೆ ಕಷ್ಟ.

ಸಂಕ್ರಾಂತಿ ಕಳೆದ ಮೇಲೆ ಯಾರೋ ದೊಡ್ಡವರು ಊರಿಗೆ ಬರುತ್ತಾರೆಂದು ನಗರಸಭೆಯವರು ಬಸ್‌ಸ್ಟ್ಯಾಂಡಿನ ಮುಂದೆ ಮೇಲ್ಮೇಲಿನ ಫ್ಲೆಕ್ಸುಗಳನ್ನು ಕಿತ್ತು ಚರಂಡಿ ಪಕ್ಕ ಎಸೆದರು. ಆತುರದ ಕೆಲಸ, ಮೇಲಿನದನ್ನು ಮಾತ್ರ ಕಿತ್ತರು. ಒಳಗಿನ ಮುಜೀಬ ಮತ್ತೆ ಹೊರಗೆ ಬಂದ, ಅನಾಥ ಎಂಬ ಪದದ ಕೆಳಗೆ, ಅದೇ ನಗು ನಗುತ್ತ. ಈ ಸಲ ರಸೂಲ್ ಯಾರನ್ನೂ ಕೇಳಲಿಲ್ಲ. ಏಣಿ ಹೊತ್ತುಕೊಂಡು ಹಾಡಹಗಲಲ್ಲಿ ಬಂದ. ಏಣಿ ಹಿಡಿದುಕೊಂಡದ್ದು ಸರ್ವಮಂಗಳಮ್ಮ. ವೀರೇಂದ್ರರ ಕಾರು ಆ ದಾರಿಯಲ್ಲೇ ಬಂತು, ಗಾಜು ಇಳಿಯಿತು. ಫ್ಲೆಕ್ಸನ್ನು ಬಿಚ್ಚುತ್ತಿರುವುದಕ್ಕೆ ಅವರು ಏನೂ ಅನ್ನಲಿಲ್ಲ. ನನ್ನ ಹುಟ್ಟುಹಬ್ಬದ್ದು ಎಲ್ಲಿ ಹೋಯ್ತು ಎಂದು ಮಾತ್ರ ಕೇಳಿದರು. ಸರ್ವಮಂಗಳಮ್ಮ ಚರಂಡಿಯ ಕಡೆ ಕೈ ತೋರಿಸಿದರು. ಅವರು ಸ್ವಲ್ಪ ಹೊತ್ತು ಅದನ್ನು ನೋಡಿ ಗಾಜು ಏರಿಸಿಕೊಂಡರು.

ಮಗ ಅಷ್ಟು ಚೆನ್ನಾಗಿ ನಕ್ಕಿರುವ ಫೋಟೋ ಮನೆಯಲ್ಲಿ ಇನ್ನೊಂದಿರಲಿಲ್ಲ. ಮುನವ್ವರಾ ಕತ್ತರಿ ತೆಗೆದುಕೊಂಡು ಅವನ ಸುತ್ತ ಮಾತ್ರ ಕತ್ತರಿಸಿ, ಒರೆಸಿ, ಮಷೀನಿನ ಮೇಲಿನ ಗೋಡೆಗೆ ಹೊಡೆಸಿದಳು. ಉಳಿದ ಫ್ಲೆಕ್ಸನ್ನು ರಸೂಲ್ ಹಿತ್ತಲಲ್ಲಿ ಹಾಲೆ ಮರದ ರಾಶಿಯ ಮೇಲೆ, ಅಕ್ಷರ ಒಳಗೆ ಮಾಡಿ, ಹೊದಿಸಿದ. ಮೊದಲ ಮಳೆಗೆ ಮುಜೀಬ ಇದ್ದ ಜಾಗದ ತೂತಿನಿಂದ ನೀರಿಳಿದು ಮರ ನೆನೆಯಿತು. ಆಗ ನೆನಪಾಗಿ, ಚರಂಡಿ ಪಕ್ಕದಿಂದ ತಂದಿಟ್ಟುಕೊಂಡಿದ್ದ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಒಂದು ತುಂಡು ಕತ್ತರಿಸಿ ಆ ತೂತಿಗೆ ಹಾಕಿದ. ಈಗ ಸೋರುತ್ತಿಲ್ಲ ಎನ್ನುತ್ತಾನೆ.